ಹಣ್ಣಿಗೆ ಹಾಕುವ ಕೋಣೆ

ಮೊದಲ ಸಲ ಇದನ್ನು ಬರೆದಾಗ ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ. ಆ ದಿನ ಕಮಲಾಪುರದಲ್ಲಿ ಮಳೆ ಇರಲಿಲ್ಲ. ನಾನು ಅತ್ತದ್ದನ್ನು ಹೇಳಲು ನಾಚಿಕೆಯಾಗಿ ಆ ಕೆಲಸವನ್ನು ಆಕಾಶಕ್ಕೆ ಒಪ್ಪಿಸಿದ್ದೆ. ಇನ್ನೊಂದು ಸಲ ನಾಟಕವಾಗಿ ಬರೆದೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರು, ಚೆನ್ನಾಗಿ ಮಾತಾಡಿದರು, ಹೋದರು. ಹರಿದುಹಾಕಿದೆ. ಈಗ ನೆನಪಿರುವುದನ್ನು ಬರೆಯುತ್ತೇನೆ, ನೆನಪಿಲ್ಲದ ಕಡೆ ಇಲ್ಲ ಎನ್ನುತ್ತೇನೆ.

ನಿಜಾಮರ ಕಾಲ. ನನ್ನ ತವರು ಕಮಲಾಪುರ, ಕೊಟ್ಟಿದ್ದು ಕಲಬುರ್ಗಿಗೆ, ಅಲ್ಲಿನ ಜಗತ್ ಕಡೆಯ ಒಂದು ಓಣಿಗೆ. ಗಂಡ ವಕೀಲರೊಬ್ಬರ ಗುಮಾಸ್ತ. ಅದಾಲತ್ತಿಗೆ ಬರುವ ಸಾಕ್ಷಿದಾರರನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಏನು ಹೇಳಬೇಕು, ಎಲ್ಲಿ ತಡವರಿಸಬೇಕು, ಎಲ್ಲಿ ಕಣ್ಣು ಒರೆಸಿಕೊಳ್ಳಬೇಕು ಎಂದು ಕಲಿಸುವುದು ಅವನ ಕೆಲಸ. ಸಾಕ್ಷಿದಾರ ಮುದುಕನಾದರೆ ತಾನೂ ಮುದುಕನಾಗಿ ತೋರಿಸುತ್ತಿದ್ದ. ವಿಧವೆಯಾದರೆ ವಿಧವೆಯಾಗಿ. ಬಾಗಿಲ ಸಂದಿನಿಂದ ನೋಡುತ್ತಿದ್ದ ನಾನು ಮದುವೆಯಾದ ಹೊಸತರಲ್ಲಿ ಸೆರಗು ಬಾಯಿಗಿಟ್ಟು ನಕ್ಕಿದ್ದೂ ಉಂಟು.

ಅವನು ನನಗೆ ಹೊಡೆಯಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಕೇಳಿದವರೆಲ್ಲ ಮೊದಲು ಅದನ್ನೇ ಕೇಳಿದರು. ಹಿರಿಯರ ಮುಂದೆ ತೆರೆದು ತೋರಿಸಲು ನನ್ನ ಮೈಮೇಲೆ ಒಂದು ಬಾಸುಂಡೆಯೂ ಇರಲಿಲ್ಲ.

ಪಂಚಮಿ ಬಂದರೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಅವನೇ ಹೇಳುತ್ತಿದ್ದ, ನಡಿ, ನಿಮ್ಮೂರಿಗೆ ಬಿಟ್ಟು ಬರ್ತೀನಿ. ನಾನು ಗಂಟು ಕಟ್ಟುತ್ತಿದ್ದೆ. ಗಾಡಿ ಬರುತ್ತಿತ್ತು. ಕಮಲಾಪುರದ ದಾರಿಯಲ್ಲಿ ಊರು ಮುಗಿಯುವಲ್ಲಿ ಒಂದು ಬೇವಿನ ಮರ ಇತ್ತು. ಗಾಡಿ ಅಲ್ಲಿಗೆ ಬಂದಾಗ ಅವನು ಗಾಡಿಯವನ ಬೆನ್ನು ತಟ್ಟಿ, "ಹೊಳ್ಳಸಪಾ. ಸುಮ್ಮ ಗಾಳಿಗೆ ಬಂದಿದ್ವಿ" ಎನ್ನುತ್ತಿದ್ದ. ಗಾಡಿ ಮನೆಯ ಕಡೆಗೆ ತಿರುಗುತ್ತಿತ್ತು. ಹೀಗೆ ಪಂಚಮಿಗೆ, ದೀಪಾವಳಿಗೆ, ಅಪ್ಪನಿಗೆ ಜ್ವರ ಎಂದು ಸುದ್ದಿ ಬಂದಾಗ. ಎಷ್ಟು ಸಲವೋ. ಪ್ರತಿ ಸಲ ನಾನು ನಂಬಿ ಗಂಟು ಕಟ್ಟಿದೆ, ಏಕೆಂದರೆ ಕಟ್ಟದೆ ಕೂತ ದಿನ ಅವನು ನಿಜವಾಗಿ ಕರೆದೊಯ್ದರೆ ಏನು ಗತಿ ಎಂದು. ಹೊಳ್ಳುವ ಹೊತ್ತಿಗೆ ಅವನು ನನ್ನ ಮುಖವನ್ನು ನೋಡುತ್ತಿದ್ದ. ಗಾಡಿಯವನು ಎತ್ತುಗಳ ಬಾಲ ನೋಡುತ್ತಿದ್ದ.

ಆ ಗಾಡಿಯವನೇ ಕಮಲಾಪುರದ ಸಂತೆಯಲ್ಲಿ ಅಪ್ಪನಿಗೆ ಹೇಳಿದ್ದು. ಅಪ್ಪ ಬಂದರು. ಎರಡೂ ಕಡೆಯ ಹಿರಿಯರು ಕೂತರು. ನಮ್ಮವರಲ್ಲಿ ಬಿಡುಗಡೆ ಎಂಬುದು ಇತ್ತು: ಹಿರಿಯರ ಮುಂದೆ ವೀಳ್ಯದೆಲೆ ಹರಿದು ಅರ್ಧ ಅವನ ಕೈಗೆ, ಅರ್ಧ ಇವಳ ಕೈಗೆ ಕೊಟ್ಟರೆ ಮುಗಿಯಿತು, ಬೇಕಾದರೆ ಹೆಂಗಸು ಉಡಿಕಿಯಾಗಿ ಮತ್ತೊಬ್ಬನ ಮನೆಗೂ ಹೋಗಬಹುದಿತ್ತು. ನನಗೆ ಮತ್ತೊಬ್ಬ ಬೇಡವಾಗಿತ್ತು. ಎಲೆ ಹರಿದರೆ ಸಾಕಾಗಿತ್ತು. ಆದರೆ ಎಲೆಗೆ ಕೈ ಹಾಕುವ ಮುಂಚೆ ತೋಟದವ್ವನ ಹತ್ತಿರ ಹೋಗಿ ಬರಬೇಕು ಎಂದು ಹಿರಿಯರು ಹೇಳಿದರು. ಆಕೆ ಕೂಡಿಸು ಅಂದರೆ ಕೂಡಬೇಕು, ಬಿಡಿಸು ಅಂದರೆ ಬಿಡಬೇಕು. ಆಕೆ ಅಲ್ಲಿಯವರೆಗೆ ಯಾರನ್ನೂ ಬಿಡಿಸಿರಲಿಲ್ಲ.

ತೋಟದವ್ವ ಕಮಲಾಪುರದ ಅಂಚಿನಲ್ಲಿ ಕೆಂಪುಬಾಳೆ ತೋಟವಿದ್ದ ವಿಧವೆ. ಆಕೆಗಿಂತ ಮುಂಚೆ ಗಂಡ ಹೆಂಡಿರ ಜಗಳ ಹಿರಿಯರ ಮುಂದೆ ಹೋಗುತ್ತಿತ್ತು. ಅವರು ತಪ್ಪು ಯಾರದು ಎಂದು ಕೇಳುತ್ತಿದ್ದರು, ಹೆಂಗಸಿನದು ಎಂದು ತಾವೇ ಹೇಳುತ್ತಿದ್ದರು, ಎದ್ದು ಊಟಕ್ಕೆ ಹೋಗುತ್ತಿದ್ದರು. ತೋಟದವ್ವ ತಪ್ಪು ಯಾರದು ಎಂದು ಕೇಳುವುದನ್ನೇ ಬಿಟ್ಟಳು. ಗಂಡ ಹೆಂಡತಿ ಇಬ್ಬರನ್ನೇ ಕರೆದು, ಅತ್ತೆ ಮಾವ ನಾದಿನಿಯರನ್ನೆಲ್ಲ ಬೇಲಿಯ ಆಚೆ ನಿಲ್ಲಿಸಿ, ಬಾಳೆಗೊನೆಗಳನ್ನು ಹಣ್ಣಿಗೆ ಹಾಕುವ ಕೋಣೆಯಲ್ಲಿ ಕೂರಿಸುತ್ತಿದ್ದಳು. ಸುತ್ತಲ ಸೀಮೆಯಲ್ಲಿ ಅಂಥ ಕೆಲಸ ಯಾರೂ ಮಾಡಿದ್ದಿಲ್ಲ. ಹಿರಿಯರಿಗೆ ಮೊದಮೊದಲು ತಮಾಷೆಯಾಗಿತ್ತು. "ಗೊನಿ ಜೋಡಿ ಗಂಡ ಹೆಂಡ್ತೀನೂ ಹಣ್ಣಿಗೆ ಹಾಕ್ತಾಳಂತ, ಹುಲ್ಲು ಮುಚ್ಚಿ ಹೊಗಿ ಹಾಕಿದ್ರ ಮೆತ್ತಗಾಗ್ತಾರಂತ" ಎಂದು ನಗುತ್ತಿದ್ದರು. ಆಮೇಲೆ ಜೋಡಿಗಳು ನಿಜವಾಗಿ ಕೂಡಿ ಹೋಗುವುದನ್ನು ಕಂಡು, ತಮ್ಮ ಹೆಣ್ಣುಮಕ್ಕಳನ್ನೂ ಕರೆತಂದರು.

ಆಕೆಯ ಉಪಾಯಕ್ಕೆ ಬಾಯಿ ಬದಲಿ ಎನ್ನುತ್ತಿದ್ದರು. ಗಂಡ ಹೆಂಡತಿಯ ಜಾಗದಲ್ಲಿ ಕೂತು ಹೆಂಡತಿಯಾಗಿ ಮಾತಾಡಬೇಕು. ಆಮೇಲೆ ಹೆಂಡತಿ ಗಂಡನಾಗಿ. ಒಬ್ಬರು ಆಡುವಾಗ ಕೇಳುವವರು ತುಟಿ ಬಿಚ್ಚುವಂತಿಲ್ಲ, ಏನೇ ಬರಲಿ. ಒಬ್ಬ ರೈತ ಹೆಂಡತಿಯ ಜಾಗದಲ್ಲಿ ಕೂತು "ನಾ ನಸಿಕಿನ್ಯಾಗ ಎದ್ದು ಬೀಸೂವಾಗ" ಎಂದು ಶುರುಮಾಡಿದವನು, ಬೀಸುವಾಗ ಅವಳು ಏನು ಯೋಚಿಸುತ್ತಾಳೆ ಎಂಬುದೇ ತನಗೆ ಗೊತ್ತಿಲ್ಲವೆಂದು ಹೊಳೆದು ಗೋಡೆಗೆ ಹಣೆ ಹಚ್ಚಿ ಅತ್ತನಂತೆ. ಅಂಥವರಿಗೆ ಆ ಕೋಣೆ ಒದಗುತ್ತಿತ್ತು. ಊರ ಹೊರಗಿನ ಕೇರಿಯ ಜೋಡಿಗಳು ಬಂದರೆ ಮಾತ್ರ ಒಳಗೆ ಬಿಡುತ್ತಿರಲಿಲ್ಲ, ಬೇಲಿಯಾಚೆ ಬಿಸಿಲಲ್ಲೇ ಕೂರಿಸಿ ಬಾಯಿ ಬದಲಿ ಮಾಡಿಸುತ್ತಿದ್ದಳು. ಅವರ ಜಾಗದಲ್ಲಿ ತಾನು ಕೂತು ಮಾತಾಡಿ ನೋಡಬೇಕೆಂದು ಆಕೆಗೆ ಅನ್ನಿಸಿದಂತಿಲ್ಲ.

ನಾವು ಹೋದಾಗ ಕೋಣೆಯಲ್ಲಿ ಅರ್ಧಕ್ಕೆ ಗೊನೆಗಳಿದ್ದವು, ಒಣಹುಲ್ಲಿನ ಕೆಳಗೆ. ಹಳೆಯ ಹೊಗೆಯ ಮತ್ತು ಹಣ್ಣಾಗುತ್ತಿರುವ ಸಿಪ್ಪೆಯ ವಾಸನೆ. ನಮಗೆ ಎರಡು ಮಣೆ, ಆಕೆಗೆ ಹೊಸ್ತಿಲು. ಮೂಲೆಯಲ್ಲಿ ಒಂದು ಕರಿ ಕಂಬಳಿ ಮಡಚಿ ಹಾಸಿತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಪ್ರತಿ ಜೋಡಿಗೂ ಆಕೆ ಮೊದಲು ಆ ಕಂಬಳಿಯ ಕಥೆ ಹೇಳುತ್ತಿದ್ದಳು.

"ನನ್ನ ಮಗಳು ಇದೇ ತ್ವಾಟದ ಬಾವ್ಯಾಗ ಬಿದ್ದು ಹೋದಳು. ನಾ ಗೊನಿ ಕಡೀಲಾಕತ್ತಿದ್ದೆ, ನೋಡ್ಲಿಲ್ಲ. ಅವತ್ತಿಂದ ನನ್ನ ಗಂಡ ನನ್ನ ಸಂಗಟ ಮಾತು ಬಿಟ್ಟ. ಸಾಯೋತನಕ ಬಿಟ್ಟ. ಈ ಕಂಬಳಿ ಮ್ಯಾಲ ಕೂಡಾಂವ. ನಾ ಏನ್ ಮಾಡ್ಲಿ? ಆತನ ಮಾತೂ ನಾನೇ ಆಡ್ದೆ. ನಾ ಕೇಳೂದು, ಆತನ ಬದ್ಲಿ ನಾನೇ ಹೇಳೂದು. ಹಂಗ ಆಡಿ ಆಡಿ ಆತನ ಮನಸಿನ್ಯಾಗ ಹೊಕ್ಕೆ. ಕಡೀಗೊಂದಿನ ಆತ ನನಗ ಮಾಫ್ ಮಾಡ್ದ."

"ಬಾಯಿ ಬಿಟ್ಟು ಹೇಳಿದ್ರೇನವ್ವಾ ಅವರು?" ಎಂದು ನನ್ನ ಗಂಡ ಬಹಳ ವಿನಯದಿಂದ ಕೇಳಿದ.

"ನಾ ಹೇಳ್ದೆ, ಆತ ಸುಮ್ಮ ಕುಂತ. ಅಲ್ಲ ಅನ್ಲಿಲ್ಲ."

"ಹೌದ್ರೀ ಅವ್ವಾ. ಅಲ್ಲ ಅನ್ಲಿಲ್ಲಂದ್ರ ಹೌದಂದಂಗ. ಅದಾಲತ್ತಿನ್ಯಾಗೂ ಹಂಗೇ."

ಆಕೆಗೆ ಅವನು ಅಲ್ಲೇ ಹಿಡಿಸಿಬಿಟ್ಟ. "ಶಾಣ್ಯಾ ಇದ್ದಿ" ಎಂದಳು. "ಮೊದ್ಲು ನೀ ಕೂಡು."

ನಾನು ಎದ್ದೆ. ಅವನು ನನ್ನ ಮಣೆಯ ಮೇಲೆ ಕೂತ. ಅವನು ನನ್ನಂತೆ ದನಿ ಸಣ್ಣ ಮಾಡಿ ಅಣಕಿಸುತ್ತಾನೆ, ಆಕೆಗೆ ಗೊತ್ತಾಗುತ್ತದೆ, ಎಂದು ಕಾದೆ. ಅವನು ದನಿ ಬದಲಿಸಲೇ ಇಲ್ಲ. ಮೊಳಕಾಲು ಹತ್ತಿರ ಎಳೆದುಕೊಂಡ, ಅಷ್ಟೆ. ನಾನು ಹಾಗೆ ಕೂರುತ್ತೇನೆಂದು ನನಗೇ ಆಗ ತಿಳಿಯಿತು.

"ಬೇವಿನ ಗಿಡ ಬರೋತನಕ ಆತನ ಮಾರಿ ನೋಡೂದಿಲ್ಲವ್ವಾ ನಾ. ನೋಡಿದ್ರ ಗಾಡಿ ಹೊಳ್ಳತದಂತ ಅಂಜಿಕಿ. ಗಂಟಿನ ತುದಿ ಹಿಡ್ಕೊಂಡಿರ್ತೀನಿ. ಗಂಟಿನ್ಯಾಗ ನಮ್ಮವ್ವಗ ಅಂತ ಒಂದು ಕುಪ್ಪಸದ ಖಣ ಇರ್ತದ, ಪ್ರತಿ ಸಲಾನೂ ಅದೇ ಖಣ. ಗಿಡ ದಾಟಿದ ಮ್ಯಾಲ ಬಿಡ್ತೀನಂತ ಉಸುರು ಒಳಗ ಕಟ್ಟಿರ್ತೀನಿ. ಹೊಳ್ಳಿದ್ರ ಅಳೂದಿಲ್ಲ, ಅತ್ರ ಆತಗ ಖುಷಿ ಆಗ್ತದ. ಮನಿಗಿ ಬಂದು ಬೀಸೂ ಕಲ್ಲಿನ ಮುಂದ ಕೂಡ್ತೀನಿ. ಕಾಳು ಹಾಕೂದಿಲ್ಲ. ಖಾಲಿ ಕಲ್ಲು ತಿರಗಸ್ತೀನಿ, ಆ ಸಪ್ಪಳದಾಗ ನನ್ನ ಸಪ್ಪಳ ಕೇಳಬಾರ್ದಂತ."

ಇದರಲ್ಲಿ ಒಂದನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಉಸಿರಿನ ವಿಷಯ ನನಗೇ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ. ತೋಟದವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಇಂಥಾ ಗಂಡ ಸಿಗಬೇಕಾರ ಪುಣ್ಯ ಮಾಡಿರ್ಬೇಕು ತಂಗೀ. ನಿನ್ನ ಉಸುರು ಸೈತ ಎಣಿಸ್ಯಾನಲ್ಲ!"

ಆಮೇಲೆ ನನ್ನ ಸರದಿ. ಅವನ ಮಣೆಯ ಮೇಲೆ ಕೂತೆ. ಅವನಾಗಿ ಏನು ಹೇಳಬೇಕು? ಅವನೇಕೆ ಹಾಗೆ ಮಾಡುತ್ತಾನೆ ಎಂಬುದು ನನಗೆ ಗೊತ್ತಿದ್ದರೆ ನಾನು ಅಲ್ಲಿಗೆ ಏಕೆ ಬರುತ್ತಿದ್ದೆ? ಅತ್ತುಬಿಟ್ಟೆ. ಅದೇ ನಾನು ಮಳೆ ಎಂದು ಬರೆದಿದ್ದ ಜಾಗ.

ಹೊರಗೆ ಹಿರಿಯರು ಕೇಳಿದರು, "ಕೂಡ್ತೇನವ್ವಾ ಜೋಡಿ?"

"ಕೂಡ್ತು. ಗಂಡಿಂದು ಪೂರಾ ಹಣ್ಣಾಗ್ಯದ. ಹುಡುಗೀದು ಇನ್ನಾ ಕಸರ್ ಅದ. ಮುಂದಿನ ಗೊನಿ ಕಡಿಯೂ ಹೊತ್ತಿಗಿ ಕರ್ಕೊಂಡ್ ಬರ್ರಿ, ನೋಡ್ತೀನಿ."

ಕಡೆಗೆ ಒಂದು ಕೆಂಪುಬಾಳೆ ಸುಲಿದು ಇಬ್ಬರಿಗೂ ಕೊಡುವುದು ಆಕೆಯ ಪದ್ಧತಿ. ಅವನು ಮುರಿದು ದೊಡ್ಡ ತುಂಡು ನನಗೆ ಕೊಟ್ಟ. ಬೇಲಿಯಾಚೆ ನಿಂತಿದ್ದ ಹೆಂಗಸರು ಒಬ್ಬರನ್ನೊಬ್ಬರು ಮೊಳಕೈಯಿಂದ ತಿವಿದು ಮೆಚ್ಚಿದರು.

ಮರಳಿ ಕಲಬುರ್ಗಿ. ಆಮೇಲಿನದನ್ನು ಹೇಗೆ ಬರೆದರೂ ಉತ್ಪ್ರೇಕ್ಷೆಯಂತೆ ಕಾಣುತ್ತದೆ, ಆದ್ದರಿಂದ ನಡೆದ ಒಂದನ್ನಷ್ಟೇ ಬರೆಯುತ್ತೇನೆ. ಮುಂದಿನ ಪಂಚಮಿ ಬಂತು. ಗಾಡಿ ಬಂತು. ಬೇವಿನ ಮರ ಬಂತು. ಅವನು ಗಾಡಿಯವನ ಬೆನ್ನು ತಟ್ಟಲಿಲ್ಲ. ಗಾಡಿ ಮರ ದಾಟಿತು. ಮರ ಹಿಂದೆ ಸರಿದು ಸಣ್ಣದಾಯಿತು. ಮುಂದಿನ ಊರಿನ ಹೊಲಗಳು ಕಂಡವು, ತೊಗರಿ ಹಸಿರಾಗಿತ್ತು. ನಾನು ಉಸಿರು ಬಿಟ್ಟೆ.

"ಹಾಂ" ಎಂದ ಅವನು. "ಹೊಳ್ಳಸಪಾ."

ತೋಟದವ್ವನ ಹತ್ತಿರ ಹೋಗಿ ಬಂದು ಅವನು ಸುಧಾರಿಸಿದ್ದು ಇಷ್ಟು. ಮುಂಚೆ ಅಂದಾಜಿನಲ್ಲಿ ಮಾಡುತ್ತಿದ್ದ, ಈಗ ನಾನು ಎಲ್ಲಿ ಬಿಡುತ್ತೇನೋ ಅಲ್ಲಿಗೆ ಕಾಯುತ್ತಿದ್ದ. ಮನೆಯಲ್ಲಿ ನಾನು ಬಾಯಿ ತೆರೆಯುವ ಮುಂಚೆ ನನ್ನ ಮಾತನ್ನು ಅವನೇ ಆಡುತ್ತಿದ್ದ: "ಸಾರಿಗೆ ಉಪ್ಪು ಹೆಚ್ಚಾಗ್ಯದ ಅಂತೀರಿ ಅಂತ ನನಗ ಅಂಜಿಕಿ ಅದ ರೀ" ಎಂದು ನನ್ನಂತೆ ಹೇಳಿ, ತನ್ನಂತೆ ಉಣ್ಣುತ್ತಿದ್ದ. ನಾನು ಮಾತು ಕಡಿಮೆ ಮಾಡಿದೆ. ಮಾಡಲು ಉಳಿದದ್ದು ನೋಡುವುದು ಒಂದೇ. ಬಾಗಿಲ ಸಂದಿನಿಂದ ಅವನು ಸಾಕ್ಷಿದಾರರಿಗೆ ಕಲಿಸುವುದನ್ನು ಮತ್ತೆ ನೋಡತೊಡಗಿದೆ, ಈ ಸಲ ನಗದೆ. ಅವರು ಕಲಿತದ್ದನ್ನು ಒಪ್ಪಿಸಿ ಹೋದ ಮೇಲೆ ಅವನ ಮುಖ ಎಷ್ಟು ಬೇಸರದಿಂದ ಜೋಲುತ್ತಿತ್ತು, ಅದು ಯಾವಾಗ ಮತ್ತೆ ಬೆಳಗುತ್ತಿತ್ತು, ಎಲ್ಲ ನೋಡಿದೆ.

ಗೊನೆ ಕಡಿಯುವ ಹೊತ್ತು ಬಂತು. ಕಮಲಾಪುರಕ್ಕೆ ನಿಜವಾಗಿ ಹೋದೆವು. ಅಲ್ಲಿಗೆ ಹೋಗಲು ಅವನಿಗೂ ಆಸೆಯಿತ್ತು. ಮೆಚ್ಚುವವರ ಮುಂದೆ ಮತ್ತೊಮ್ಮೆ ಕೂರುವ ಆಸೆ. ಬೇಲಿಯ ಹತ್ತಿರ ಇನ್ನೊಂದು ಜೋಡಿ ಕಾದು ಕೂತಿತ್ತು: ನನ್ನ ತವರಿನ ಹಿಂದಿನ ಮನೆಯ ಸೊಸೆ, ಆಕೆಯ ಗಂಡ. ಆಕೆಯ ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಗಂಡ ಕಡ್ಡಿಯಿಂದ ನೆಲ ಕೆರೆಯುತ್ತಿದ್ದ, ಏನೂ ತಿಳಿಯದ ದೊಡ್ಡ ಮುಖ. "ಲಗೂ ಮುಗಸಿ ಬಾ ಅಕ್ಕಾ, ನಿನ್ನ ಹಿಂದ ನಂದೇ ಸರದಿ" ಎಂದಳು ಆಕೆ.

ಈ ಸಲ ತೋಟದವ್ವ ನನ್ನನ್ನೇ ಮೊದಲು ಕೂರಿಸಿದಳು. ನಾನು ಅವನ ಮಣೆಯ ಮೇಲೆ ಕೂತು, ಅವನಂತೆ ಬಲಗೈಯನ್ನು ತೊಡೆಯ ಮೇಲೆ ಬೋರಲು ಇಟ್ಟೆ.

"ಈಕೀ ಮ್ಯಾಲ ಸಿಟ್ಟಿಲ್ಲವ್ವಾ ನನಗ. ಸಿಟ್ಟಿದ್ರ ಹೊಡೀತಿದ್ದೆ, ಹೊಡದು ಮರೀತಿದ್ದೆ. ದಿನಾ ಮಂದೀಗಿ ಸುಳ್ಳು ಕಲಸ್ತೀನಿ. ಕಲತದ್ದು ಹೇಳ್ತಾರ, ಹೋಗ್ತಾರ. ಯಾರ ಮಾರಿ ಮ್ಯಾಲೂ ಖರೇದು ಅಂಬೂದು ಕಾಣೂದಿಲ್ಲ. ಗಾಡಿ ಹೊಳ್ಳೂವಾಗ ಈಕೀ ಮಾರಿ ಮ್ಯಾಲ ಕಾಣ್ತದ. ಅದು ನೋಡೂದು ಬೇಕು ನನಗ, ಊಟ ಬೇಕಾದಂಗ. ಈಕೀಗಿ ಹ್ಯಾಂಗ ಆಗ್ತದ ಅಂಬೂದು ನನಗ ಗೊತ್ತದ. ಗೊತ್ತದಂತೇ ಮಾಡ್ತೀನಿ. ಬಿಟ್ಟು ಕೊಡೂದಿಲ್ಲ."

ತೋಟದವ್ವ ಅವನ ಕಡೆ ತಿರುಗಿದಳು. "ಖರೇ ಏನಪಾ?"

"ಬರೋಬ್ಬರಿ ಹೇಳ್ಯಾಳ್ರೀ" ಎಂದ. "ಹೆಚ್ಚಿಲ್ಲ, ಕಮ್ಮಿ ಇಲ್ಲ."

ತೋಟದವ್ವನ ಕೈ ನಡುಗಿತು ಎಂದು ನಾನು ಒಮ್ಮೆ ಬರೆದಿದ್ದೆ. ನಡುಗಿದ್ದು ನನಗೆ ನೆನಪಿಲ್ಲ, ನಡುಗಬೇಕಿತ್ತು ಎಂದು ಬರೆದದ್ದು. ನೆನಪಿರುವುದು ಇಷ್ಟು: ಆಕೆ ಹುಲ್ಲು ಸರಿಸಿ ಒಂದು ಹಣ್ಣು ಕಿತ್ತಳು.

"ಈಗ ಕೂಡ್ತು ನೋಡು. ಆತಗ ನಿನ್ನ ಮನಸ ಗೊತ್ತದ, ನಿನಗ ಆತಂದು ಗೊತ್ತಾತು. ಇನ್ನೇನ್ ಉಳೀತು?"

"ಅವ್ವಾ, ಆತ ಏನ್ ಅಂದ ಕೇಳಿದೇನು? ಬಿಡಿಸು ನನಗ."

"ಇಷ್ಟು ತಿಳಕೊಂಡ ಜೋಡಿ ಬಿಡಸಿದ್ರ, ಇಷ್ಟು ವರ್ಷ ಇಲ್ಲಿ ಕುಂತು ನಾ ಮಾಡಿದ್ದೇನು ತಂಗೀ?" ಆಕೆ ಸಿಪ್ಪೆ ಸುಲಿಯುತ್ತಲೇ ಹೇಳಿದಳು, ಬಹಳ ಮೃದುವಾಗಿ. "ತಿಳದವರು ಒಂದಿನ ಕರಗ್ತಾರ. ನನ್ನಾಂವ ಕರಗಿಲ್ಲೇನು?"

ಹೊರಗೆ ಗಾಡಿ ಇತ್ತು. ಆಕೆ ಆ ಹಣ್ಣನ್ನು ನಮ್ಮ ಕೈಗೆ ಕೊಟ್ಟರೆ ನಾನು ಆ ಗಾಡಿ ಹತ್ತಬೇಕಿತ್ತು. ನಾನು ಅವನ ಮಣೆಯಿಂದ ಎದ್ದು ಮೂಲೆಗೆ ಹೋಗಿ, ಕರಿ ಕಂಬಳಿಯ ಮೇಲೆ ಕೂತೆ.

"ಏಳು ಅಲ್ಲಿಂದ" ಎಂದಳು ಆಕೆ.

"ನಾ ಯಾಕ ಏಳ್ಲಿ? ನಂದೇ ಕಂಬಳಿ."

ಆಕೆಗೆ ಅರ್ಥವಾಯಿತು. ಸುಲಿದ ಹಣ್ಣು ಹಿಡಿದ ಕೈ ಹಾಗೇ ನಿಂತಿತು. ಬಾಯಿ ತೆರೆದಳು, ಮುಚ್ಚಿದಳು. ಬಾಯಿ ಬದಲಿ ಶುರುವಾಗಿತ್ತು. ಕೇಳುವವರು ತುಟಿ ಬಿಚ್ಚುವಂತಿಲ್ಲ ಎಂದು ಎಲ್ಲರಿಗೂ ಹೇಳಿದವಳು ಆಕೆಯೇ.

"ಅಲ್ಲ ಅನ್ಲಿಲ್ಲ ಅಂತ ಊರಿಗೆಲ್ಲ ಹೇಳ್ತಿ. ಅಲ್ಲ ಅನ್ಬೇಕಾದ್ರೂ ನಿನ್ನ ಸಂಗಟ ಮಾತಾಡ್ಬೇಕಿತ್ತು. ಆ ಒಂದು ಮಾತೂ ನಿನಗ ಕೊಡೂದು ಬ್ಯಾಡಾಗಿತ್ತು ನನಗ. ಕೂಸು ನೀರಾಗ ಕೈ ಬಡೀಲಾಕತ್ತಾಗ ನೀ ಗೊನಿ ನೋಡ್ಲಾಕತ್ತಿದ್ದಿ. ಆಮ್ಯಾಲ ನನ್ನ ಬಾಯಿ ಕಸಗೊಂಡಿ. ಕಸಗೊಂಡ ಬಾಯಿಲೆ ನೀನೇ ನಿನಗ ಮಾಫ್ ಮಾಡ್ಕೊಂಡಿ. ನಾ ಮಾಡಿಲ್ಲ. ಸಾಯೂವಾಗ ಮಾಡಿಲ್ಲ. ಈಗೂ ಮಾಡಿಲ್ಲ."

ಆ ಮನುಷ್ಯನನ್ನು ನಾನು ನೋಡಿರಲೇ ಇಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನಿಜವಾಗಿ ಕ್ಷಮಿಸಿಯೇ ಸತ್ತಿರಬಹುದು. ಆದರೆ ಆಕೆಗೆ ಯಾವುದು ಎಲ್ಲಿ ತಾಗುತ್ತದೆಂದು ನನಗೆ ಗೊತ್ತಿತ್ತು, ಅಲ್ಲಿಗೆ ಹೊಡೆದೆ.

"ಶಾಬಾಶ್" ಎಂದ ನನ್ನ ಗಂಡ, ಉಸಿರಿನಲ್ಲಿ. ಮದುವೆಯಾದಂದಿನಿಂದ ಅವನು ನನ್ನನ್ನು ಮೆಚ್ಚಿದ್ದು ಅದೊಂದೇ ಸಲ, ಮತ್ತು ಅವನು ಮನಸಾರೆ ಹೇಳಿದ. ಅವನ ಮುಖ ಬೆಳಗಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಹೊಸ್ತಿಲ ಮೇಲಿದ್ದ ಆಕೆಯ ಮುಖವನ್ನು ನೋಡುತ್ತಿದ್ದ.

ಆಕೆ ಎದ್ದಳು. ಹಣ್ಣು ಎಲ್ಲಿ ಬಿತ್ತೋ ನೆನಪಿಲ್ಲ. ಹೊರಗೆ ಹಿರಿಯರು ಅಪ್ಪನೊಂದಿಗೆ ಹುಣಸೆಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಕೂಡ್ತೇನವ್ವಾ?"

"ಬಿಡಸ್ರಿ."

"ಏನ್ ಅಂದಿ?"

"ಎಲಿ ಹರೀರಿ ಅಂದೆ. ಈಗೇ ಹರೀರಿ. ಆಕೀ ಈ ತ್ವಾಟದಿಂದ ಹೋಗ್ಲಿ."

ಒಬ್ಬರು ಅಪ್ಪನ ಕಡೆ ನೋಡಿದರು, ಇನ್ನೊಬ್ಬರು ಬಾಯಲ್ಲಿದ್ದುದನ್ನು ಉಗುಳಿದರು. ಆಕೆಯ ಮಾತಿಗೆ ಒಪ್ಪಿಕೊಂಡು ಬಂದವರು, ತಮ್ಮ ಚಂಚಿಯಿಂದಲೇ ಒಂದು ಎಲೆ ತೆಗೆದರು. ಹರಿದರು. ಅರ್ಧ ಅವನಿಗೆ, ಅರ್ಧ ನನಗೆ. ಅವನು ತನ್ನ ಅರ್ಧಕ್ಕೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು ಗಾಡಿ ಹತ್ತಿದ. ಹತ್ತಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ: "ಈಗ ಬಿಡು ಉಸುರು." ನಾನು ಗಾಡಿ ಕಣ್ಮರೆಯಾಗುವವರೆಗೆ ಬಿಡಲಿಲ್ಲ.

ಆಮೇಲೆ ತೋಟದವ್ವ ಮಾತನ್ನೇ ಬಿಟ್ಟಳು ಎಂದು ಊರಲ್ಲಿ ಚೆಂದವಾಗಿ ಹೇಳುತ್ತಾರೆ. ಸುಳ್ಳು. ಕೂಲಿಯವರನ್ನು ಬೈಯುವುದು ರಸ್ತೆಗೆ ಕೇಳುತ್ತಿತ್ತು. ಜೋಡಿಗಳನ್ನು ಕೂರಿಸುವುದನ್ನು ಮಾತ್ರ ಬಿಟ್ಟಳು, ಆ ದಿನದಿಂದಲೇ. ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬಂದವರು ಬೇಲಿ ಮುಟ್ಟಿ ಹಿಂದಿರುಗಿದರು. ಕೋಣೆಯ ತುಂಬ ಗೊನೆ ಹಾಕಿಸಿದಳು. ಕಂಬಳಿಯನ್ನು ಏನು ಮಾಡಿದಳೋ ತಿಳಿಯದು. ಬಾವಿಗೆ ಹಾಕಿದಳು ಎಂದು ಹಿಂದಿನ ಒಂದು ಕಾಗದದಲ್ಲಿ ಬರೆದಿದ್ದೆ, ಅದು ಬರೆಯುವಾಗ ನಾನೇ ಹಾಕಿದ್ದು.

ನಾನು ತವರಿನಲ್ಲೇ ಉಳಿದೆ. ಹಿಂದಿನ ಮನೆಯ ಸೊಸೆ ಒಂದು ವಾರದ ಸಂತೆಯಲ್ಲಿ ಎದುರಾದಳು. ಎಡಗೈ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿದ್ದಳು. ಬಲಗೈಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ಆಕೆಯ ಗಂಡ ಆ ಇನ್ನೊಂದು ಬಗೆಯವನು, ಗೋಡೆಗೆ ಹಣೆ ಹಚ್ಚಿ ಅಳುವ ಬಗೆಯವನು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಆ ಕೋಣೆ ಅವನಿಗೆ ಒದಗುತ್ತಿತ್ತು.

"ಬಾಗಲಾ ನಿನ್ನ ಹಿಂದ ನೀನೇ ಹಾಕ್ಕೊಂಡ್ ಬಂದಿ ಅಲ್ಲಕ್ಕಾ" ಎಂದಳು ಆಕೆ, ಮೆಣಸಿನಕಾಯಿಯಿಂದ ಕಣ್ಣೆತ್ತದೆ. "ಒಂದ್ ತಾಸು ತಡದಿದ್ರ ಏನ್ ಹೋಗ್ತಿತ್ತು ನಿಂದು? ನಾ ಹೊರಗ ಕುಂತಿದ್ದೆ. ನೋಡಿದ್ದಿ ನೀ."

ನೋಡಿದ್ದೆ. ಆಕೆ ಇನ್ನೂ ಏನು ಹೇಳಬೇಕೆಂದು ಬಂದು ಹೇಳದೆ ನುಂಗಿದಳು ಎಂಬುದೂ ನನಗೆ ಗೊತ್ತಾಯಿತು. ಯಾವ ಮಾತಿನಲ್ಲಿ ಹೇಳುತ್ತಿದ್ದಳು, ಎಲ್ಲಿ ದನಿ ಒಡೆಯುತ್ತಿತ್ತು, ಎಲ್ಲವೂ. ಆಕೆಯ ಜಾಗದಲ್ಲಿ ಕೂರಿಸಿದ್ದರೆ ಒಂದಕ್ಷರ ತಪ್ಪದೆ ಆಡಿ ತೋರಿಸುತ್ತಿದ್ದೆ. ಚೀಲ ಎತ್ತಿಕೊಂಡು ಮನೆಗೆ ಬಂದೆ.